ಗುಣಿಯಿಂದ ಮನೆಗೆ ಬಂದ ನವಾರು

ದೀಪ ಹಚ್ಚಿದ ಮೇಲೆ ಇಂಥ ಮಾತು ಎತ್ತಿದರೆ ನಮ್ಮ ಮನೆಯಲ್ಲಿ ಬೈಯುತ್ತಾರೆ. ಈಗ ಕರೆಂಟೂ ಇಲ್ಲ, ಬೈಯುವವರೂ ಮಲಗಿದ್ದಾರೆ. ಒಂದಿಷ್ಟು ಹತ್ತಿರ ಬನ್ನಿ, ಮೆಲ್ಲಗೆ ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ನಾವು ಲಿಂಗ ಕಟ್ಟಿದ ಜನ. ನಮ್ಮಲ್ಲಿ ಸತ್ತವರು ಶಿವನಲ್ಲಿ ಐಕ್ಯವಾಗುತ್ತಾರೆ. ದೆವ್ವ, ಪಿಶಾಚಿ ಅನ್ನುವ ಮಾತಿಗೆ ಜಾಗವೇ ಇಲ್ಲ. ನಾನೂ ಹಾಗೆ ನಂಬಿಕೊಂಡೇ ಇಷ್ಟು ವರ್ಷ ಬದುಕಿದವನು. ಆದರೆ ನಡೆದದ್ದನ್ನು ನಡೆದೇ ಇಲ್ಲ ಅನ್ನುವುದಕ್ಕೆ ಬಾಯಿ ಬರುವುದಿಲ್ಲ...

ನಡೆದದ್ದು ನನ್ನ ಷಡ್ಡಕ ಪಾಲಾಕ್ಷನಿಗೆ. ಷಡ್ಡಕ ಅಂದರೆ ನನ್ನ ಹೆಂಡತಿಯ ಅಕ್ಕ ಶಿವಗಂಗಮ್ಮನ ಗಂಡ. ದೊಡ್ಡಗದ್ದವಳ್ಳಿಯ ಆಚೆ ಒಂದು ಸಣ್ಣ ಊರು ಅವರದು. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾನೆ, ಊಟಕ್ಕೆ ಆಗುವಷ್ಟು ಹೊಲವೂ ಇದೆ. ಬೆಳಿಗ್ಗೆ ಪೂಜೆ ಆಗದೆ ಬಾಯಿಗೆ ಹನಿ ನೀರು ಹಾಕದ ಮನುಷ್ಯ.

ಅವನ ಅಣ್ಣ ಸಿದ್ದೇಶ್ವರನನ್ನು ಮಣ್ಣು ಮಾಡಿದ ದಿನ ಅದು. ಅರಕಲಗೂಡಿನ ನೆಂಟರು ಬರುವುದು ತಡವಾಗಿ, ಗುಣಿಗೆ ಮಣ್ಣು ಎಳೆದು ಮುಗಿಸುವ ಹೊತ್ತಿಗೆ ಕತ್ತಲಾಗಿತ್ತು. ಎಲ್ಲರೂ ಹೊಲದ ಬಾವಿಯ ಹತ್ತಿರ ಮೈಮೇಲೆ ನೀರು ಹುಯ್ದುಕೊಂಡು ಊರಿನ ಕಡೆ ಹೊರಟರು. ಪಾಲಾಕ್ಷ ಮಾತ್ರ, ನೀವು ನಡೀರಿ, ಹಿಂದೆಯೇ ಬರುತ್ತೇನೆ ಅಂದ. ಅಣ್ಣನನ್ನು ಕಳಕೊಂಡವನು, ಒಂದು ಗಳಿಗೆ ಒಬ್ಬನೇ ಇರಲಿ ಅಂತ ಯಾರೂ ಬಲವಂತ ಮಾಡಲಿಲ್ಲ.

ಅವರ ಮಾತು ದೂರವಾಯಿತು. ಪಾಲಾಕ್ಷ ಪಂಚೆಯ ಮಡಿಕೆಯಿಂದ ಒಂದು ನವಾರಿನ ಪಟ್ಟಿ ಹೊರಗೆ ತೆಗೆದ. ಮಂಚಕ್ಕೆ ಹೆಣೆಯುತ್ತಾರಲ್ಲ, ಅಂಥ ದಪ್ಪ ನೂಲಿನ ನವಾರು. ಅದನ್ನು ಬಾವಿಯ ಕಲ್ಲಿನ ಮೇಲೆ ಕುಕ್ಕಿ ತೊಳೆದ. ಹಿಂಡಿದ. ಹೆಗಲಿಗೆ ಹಾಕಿಕೊಂಡು ಅದರ ಮೇಲೆ ಟವೆಲು ಹೊದ್ದುಕೊಂಡ. ಪಂಪಿನ ಕೊಳವೆಯಿಂದ ತೊಟ್... ತೊಟ್... ಅಂತ ನೀರು ಬೀಳುತ್ತಿತ್ತು.

ಬಾವಿ ದಾಟಿದ. ಆಲದ ಮರದ ಹತ್ತಿರ ಬಂದ.

ಹಿಂದೆ ಸದ್ದಾಯಿತು. ಸರ್ರ್...

ನಿಂತ. ಸದ್ದೂ ನಿಂತಿತು. ನವಾರಿನ ತುದಿ ನೆಲಕ್ಕೆ ಎಳೆಯುತ್ತಿರಬೇಕು ಅಂತ ಅದನ್ನು ಮೇಲಕ್ಕೆ ಎಳೆದು ಕೊರಳಿಗೆ ಸುತ್ತಿಕೊಂಡ. ನಾಲ್ಕು ಹೆಜ್ಜೆ ನಡೆದ.

ಸರ್ರ್... ಟಿಕ್. ಸರ್ರ್...

ಸರ್ರ್ ಅನ್ನುವ ಸದ್ದು ಬಟ್ಟೆಯದೋ, ತರಗೆಲೆಯದೋ, ಯಾವುದೋ ಆಗಬಹುದು. ಆದರೆ ಆ ಟಿಕ್ ಇದೆಯಲ್ಲ, ಅದು ಏನು ಅಂತ ಪಾಲಾಕ್ಷನಿಗೆ ಚೆನ್ನಾಗಿ ಗೊತ್ತಿತ್ತು. ವಾರವಾರವೂ ಅವನದೇ ಕೈಯಿಂದ ಹುಟ್ಟುತ್ತಿದ್ದ ಸದ್ದು ಅದು. ಕ್ಷೌರದ ಕತ್ತಿಯನ್ನು ನವಾರಿನ ಮೇಲೆ ಮಗುಚಿ ಹಾಕುವ ಸದ್ದು.

ಕತ್ತಿ ಆಗ ಮನೆಯಲ್ಲಿ, ದೇವರ ಕೋಣೆಯ ಪಕ್ಕದ ಗೂಡಿನಲ್ಲಿತ್ತು.

ಅವನು ತಿರುಗಿ ನೋಡಲಿಲ್ಲ. ಓಡಲೂ ಇಲ್ಲ. ಓಡಿದರೆ ಅದು ನಿಜ ಅಂತ ಒಪ್ಪಿಕೊಂಡ ಹಾಗಾಗುತ್ತದೆ ಅಂತ ಶಿವ ಶಿವಾ ಅಂದುಕೊಂಡು ನಡೆದ.

ಈ ನವಾರಿನ ಕತೆ ಹೇಳದೆ ಮುಂದಿನದು ತಿಳಿಯುವುದಿಲ್ಲ. ಪಾಲಾಕ್ಷನ ಅಪ್ಪನ ಕಾಲದ ಕತ್ತಿ ಅದು. ಹಿಡಿಯೊಳಗೆ ಮಡಚಿಕೊಳ್ಳುವ ಉದ್ದನೆಯ ಅಲಗು. ಕ್ಷೌರದವರು ಅಂಥ ಕತ್ತಿಯನ್ನು ತೊಗಲಿನ ಪಟ್ಟಿಯ ಮೇಲೆ ಎಳೆದು ಹದ ಮಾಡುತ್ತಿದ್ದರು. ಅವರಪ್ಪ ಒಪ್ಪಲಿಲ್ಲ. ಲಿಂಗ ಧರಿಸಿದ ಮೈ ಇದು, ತೊಗಲಿಗೆ ತಾಗಿದ ಅಲಗು ಕೊರಳ ಹತ್ತಿರ ಬರಬಾರದು ಅಂದವರು ಚನ್ನರಾಯಪಟ್ಟಣದ ಸಂತೆಯಿಂದ ಈ ನವಾರು ತಂದು ನಡುಮನೆಯ ಕಂಬದ ಗೂಟಕ್ಕೆ ಕಟ್ಟಿದರು. ಅಪ್ಪ ಹೋದ ಮೇಲೆ ಕತ್ತಿಯೂ ನವಾರೂ ಪಾಲಾಕ್ಷನ ಪಾಲಿಗೆ ಬಂದವು.

ಬಟ್ಟೆಯ ಮೇಲೆ ಅಲಗು ಹದ ಮಾಡುವುದಕ್ಕೆ ಬಹಳ ತಾಳ್ಮೆ ಬೇಕು. ಒಂದು ತುದಿ ಗೂಟದಲ್ಲಿ, ಇನ್ನೊಂದು ತುದಿ ಎಡಗೈ ಮುಷ್ಟಿಯಲ್ಲಿ. ಕತ್ತಿಯ ಬೆನ್ನು ಮುಂದೆ ಹೋಗಬೇಕು, ಅಲಗು ಹಿಂದೆ ಬರಬೇಕು. ಸರ್ರ್... ತುದಿ ಮುಟ್ಟಿದ ಮೇಲೆ ಬೆನ್ನಿನ ಮೇಲೇ ಮಗುಚಬೇಕು, ಟಿಕ್. ಮತ್ತೆ ವಾಪಸು, ಸರ್ರ್... ಭಾರ ಹಾಕುವ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ನವಾರು ಬಿಗಿಯಾಗಿರಬೇಕು. ಒಂದು ಎಳೆ ಸಡಿಲವಾದರೂ ಅಲಗಿನ ಅಂಚು ದುಂಡಗಾಗಿ ಕತ್ತಿ ಮೊಂಡಾಗುತ್ತದೆ. ಪಾಲಾಕ್ಷ ಆ ನವಾರನ್ನು ಸೀಗೆಯಲ್ಲಿ ತೊಳೆದು, ನೆರಳಲ್ಲಿ ಗುಂಡುಕಲ್ಲು ಕಟ್ಟಿ ಇಳಿಬಿಟ್ಟು ಒಣಗಿಸಿ, ಒಣಸೋಪು ತಿಕ್ಕಿ ಜೋಪಾನ ಮಾಡುತ್ತಿದ್ದ. ಶಿವಗಂಗಮ್ಮ ನಗುತ್ತಿದ್ದಳು, ನನ್ನ ಮದುವೆ ಸೀರೇನೂ ಇವರು ಇಷ್ಟು ಚೆನ್ನಾಗಿ ನೋಡಿಕೊಂಡಿಲ್ಲ ಅಂತ.

ಸಿದ್ದೇಶ್ವರನಿಗೆ ಲಕ್ವ ಹೊಡೆದಿತ್ತು. ಹೆಂಡತಿ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿಲ್ಲ. ತಮ್ಮನ ಮನೆಯಲ್ಲೇ ಇದ್ದ. ಮೈಯೆಲ್ಲ ಎಡಕ್ಕೆ ವಾಲಿಬಿಟ್ಟಿತ್ತು. ಕೂರಿಸಿದರೆ ಎಡಕ್ಕೆ, ದಿಂಬು ಕೊಟ್ಟರೂ ಎಡಕ್ಕೆ. ಭಾನುವಾರ ಭಾನುವಾರ ಪಾಲಾಕ್ಷ ಆ ಕಂಬಕ್ಕೆ ಅಣ್ಣನನ್ನು ಒರಗಿಸಿ, ಒಂದು ಕೈಯಲ್ಲಿ ತಲೆ ನೆಟ್ಟಗೆ ಹಿಡಿದು, ಇನ್ನೊಂದು ಕೈಯಲ್ಲಿ ಗಡ್ಡ ತೆಗೆಯುತ್ತಿದ್ದ. ಸಿದ್ದೇಶ್ವರ ಮಾತಿಗೆ ಕಡಿಮೆಯವನಲ್ಲ. ನಾಲಿಗೆ ತೊದಲಿದರೂ ತಮಾಷೆ ಬಿಡುತ್ತಿರಲಿಲ್ಲ.

"ಬದುಕಿದ್ದಾಗಂತೂ ವಾಲಿದ್ದಾಯ್ತು ಕಣ್ಲಾ," ಅಂದ ಒಂದು ದಿನ, ಕೆನ್ನೆಯ ಮೇಲೆ ನೊರೆ ಇರುವಾಗಲೇ. "ಮಣ್ಣಾಗಾದ್ರೂ ಒಸಿ ನೆಟ್ಟಗೆ ಕೂರ್ಸು. ವಾಲೋಕೆ ಬುಡ್ಬ್ಯಾಡ."

"ಸುಮ್ಕಿರಣ್ಣ, ಕತ್ತಿ ತಗಲ್ತದೆ."

"ಮಾತು ಕೊಡ್ಲಾ."

ಪಾಲಾಕ್ಷ ಮಾತು ಕೊಟ್ಟ.

ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ, ನಿಮಗೆ ಗೊತ್ತು. ಸತ್ತವರನ್ನು ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೋ ಕಂಬಕ್ಕೋ ಒರಗಿಸಿ ಕೂರಿಸುವುದು. ಸಿದ್ದೇಶ್ವರ ಕೂರಲಿಲ್ಲ. ಹಳೇ ಪಂಚೆಯಲ್ಲಿ ಕಟ್ಟಿದರೆ ಜಾರಿತು, ಸೀರೆಯಲ್ಲಿ ಕಟ್ಟಿದರೆ ಹರಿಯಿತು. ನೆಂಟರು ಬಾಗಿಲಿಗೆ ಬಂದಾಗಿತ್ತು. ಪಾಲಾಕ್ಷ ಕಂಬದ ಗೂಟದಿಂದ ತನ್ನ ನವಾರು ಬಿಚ್ಚಿ, ಅಣ್ಣನ ಕಂಕುಳಡಿ ಹಾಯಿಸಿ, ಹಿಂದೆ ಕಂಬಕ್ಕೆ ಜಾರುಗಂಟು ಹಾಕಿದ. ಗಿರಣಿಯಲ್ಲಿ ಮೂಟೆ ಕಟ್ಟಿ ರೂಢಿಯಾದ ಗಂಟು ಅದು. ಎಳೆದಷ್ಟೂ ಬಿಗಿಯುತ್ತದೆ. ತುದಿ ಹಿಡಿದು ಜಗ್ಗಿದರೆ ಸರಕ್ ಅಂತ ಒಂದೇ ಸಲಕ್ಕೆ ಬಿಚ್ಚಿಕೊಳ್ಳುತ್ತದೆ.

ಸಿದ್ದೇಶ್ವರ ನೆಟ್ಟಗೆ ಕೂತ. ಎಷ್ಟೋ ವರ್ಷದ ಮೇಲೆ ನೆಟ್ಟಗೆ. ನೋಡಿದವರು, ದೇವರ ಹಾಗೆ ಕೂತಿದ್ದಾನೆ ಅಂದರು. ಹೊತ್ತೊಯ್ಯಲು ಕಟ್ಟಿದ್ದ ಹೂವಿನ ವಿಮಾನದಲ್ಲೂ ಅದೇ ಕಟ್ಟು, ಗುಣಿಯ ಗೂಡಿನಲ್ಲಿ ಕೂರಿಸಿದಾಗಲೂ ಅದೇ ಕಟ್ಟು. ಬೆನ್ನಿಗೆ ಒಂದು ಹಲಗೆ ಕೊಟ್ಟು ಅದಕ್ಕೆ ಬಿಗಿದಿದ್ದರು.

ಸತ್ತವರಿಗೆ ಕಟ್ಟಿದ್ದು ಸತ್ತವರದೇ. ಅದು ಮನೆಗೆ ಬರಬಾರದು. ಇದನ್ನು ಪಾಲಾಕ್ಷನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಅವನ ಮನಸ್ಸಿನಲ್ಲಿ ಅದು ಅಣ್ಣನಿಗೆ ಕೊಟ್ಟ ವಸ್ತು ಆಗಿರಲಿಲ್ಲ, ಒಂದು ಹೊತ್ತಿನ ಮಟ್ಟಿಗೆ ಎರವಲು ಕೊಟ್ಟದ್ದು. ಅಂಥ ನೇಯ್ಗೆ ಈಗ ಎಲ್ಲಿದೆ? ಸಿಕ್ಕುವುದೆಲ್ಲ ಪ್ಲಾಸ್ಟಿಕ್ಕು. ಅದಿಲ್ಲದೆ ಅಪ್ಪನ ಕತ್ತಿ ಕಬ್ಬಿಣದ ತುಂಡು. ಗುಣಿಯೊಳಗೆ ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಬಿಲ್ವಪತ್ರೆ ಏರಿಸಿ ಮೇಲೆ ಹೋದರು. ಗುಣಿ ತೋಡಿದ ದ್ಯಾವಯ್ಯ ಮೇಲಿನಿಂದ ವಿಭೂತಿಯ ಬುಟ್ಟಿ ಇಳಿಸುತ್ತಿದ್ದ. ಕೆಳಗೆ ಅಣ್ಣ ತಮ್ಮ ಇಬ್ಬರೇ. ಪಾಲಾಕ್ಷ ಅಣ್ಣನ ಬೆನ್ನ ಹಿಂದೆ ಕೈ ಹಾಕಿದ.

ಸರಕ್.

ಸಿದ್ದೇಶ್ವರ ಮೆಲ್ಲಗೆ ಎಡಕ್ಕೆ ವಾಲಿದ. ಪಾಲಾಕ್ಷ ಅಂಗೈ ಕೊಟ್ಟು ತಡೆದು, ವಿಭೂತಿ ಗಟ್ಟಿ, ಪತ್ರೆ, ಉಪ್ಪು ಎಲ್ಲ ಅಣ್ಣನ ಎಡಪಕ್ಕಕ್ಕೆ ಒತ್ತಾಗಿ ತುಂಬಿ ಮೇಲೆ ಹತ್ತಿದ. ಮೊದಲ ಬುಟ್ಟಿ ಮಣ್ಣು ಬಿತ್ತು. ಆಗ ನೋಡಿದ, ತಲೆ ಇನ್ನೂ ಎಡಕ್ಕೆ ಹೋಗುತ್ತಿತ್ತು... ಎಲ್ಲರೂ ಶಿವ ಶಿವಾ ಅನ್ನುತ್ತಿದ್ದರು. ಪಾಲಾಕ್ಷ ತಡೆಯಿರಿ ಅನ್ನದೆ ತಾನೂ ಒಂದು ಹಿಡಿ ಮಣ್ಣು ಹಾಕಿದ.

ಮನೆಗೆ ಬಂದ ನವಾರು ಮತ್ತೆ ಕಂಬದ ಗೂಟಕ್ಕೆ ಹೋಯಿತು. ಶಿವಗಣಾರಾಧನೆ ಮುಗಿಯಿತು, ನೆಂಟರು ಹೋದರು. ಮಗ ಶಶಿಕಿರಣ್ ಹೊಳೆನರಸೀಪುರದ ಅಂಗಡಿಯಲ್ಲಿ ಇರುವವನು, ಅವನೂ ಹೊರಟ. ಮುಂದಿನ ಭಾನುವಾರ ಪಾಲಾಕ್ಷ ಕತ್ತಿ ತೆಗೆದು ಕಂಬದ ಮುಂದೆ ನಿಂತ. ನವಾರಿನ ತುದಿ ಮುಷ್ಟಿಯಲ್ಲಿ ಹಿಡಿದು ಎಳೆದ.

ಬಿಗಿಯಾಗಲಿಲ್ಲ.

ಎಷ್ಟು ಎಳೆದರೂ ನಡುವೆ ಒಂದು ಜೋಲು ಉಳಿಯಿತು. ಕತ್ತಿ ಎಳೆದರೆ ಸರ್ರ್ ಅನ್ನಲಿಲ್ಲ. ಪತ್... ಪತ್... ಅಂದಿತು. ತೊಳೆದ, ಕಲ್ಲು ಕಟ್ಟಿ ಒಣಗಿಸಿದ, ಇಸ್ತ್ರಿ ಹಾಕಿಸಿದ, ಸೋಪು ತಿಕ್ಕಿದ. ಪತ್... ಪತ್... ಕತ್ತಿ ಗಡ್ಡವನ್ನು ಕತ್ತರಿಸದೆ ಕೀಳತೊಡಗಿತು.

ಹಗಲು ಹೀಗೆ. ರಾತ್ರಿಯದು ಬೇರೆ.

ಒಂದು ರಾತ್ರಿ ಶಿವಗಂಗಮ್ಮ ಅವನ ತೋಳು ಹಿಡಿದು ಅಲ್ಲಾಡಿಸಿದಳು. ಕಿವಿಯ ಹತ್ತಿರ ಬಂದು ಕೇಳಿದಳು:

"ಏನ್ರೀ... ಇಷ್ಟೊತ್ನಲ್ಲಿ ಯಾರ್ರೀ ಕತ್ತಿ ಮಸೀತಿರೋದು?"

ಪಾಲಾಕ್ಷ ಉಸಿರು ಹಿಡಿದು ಕೇಳಿದ. ನಡುಮನೆಯಲ್ಲಿ... ಸರ್ರ್... ಟಿಕ್. ಸರ್ರ್... ಟಿಕ್. ಬಿಗಿಯಾದ ನವಾರಿನ ಸದ್ದು. ಅವನ ಕೈಗೆ ಒಲಿಯದ ಬಿಗಿ.

"ಇಲಿ ಇರ್ಬೇಕು. ಮಲ್ಕೊ."

"ಇಲಿ ಯಾವತ್ತು ಗಡ್ಡ ತಗಸ್ಕೊಂಡಾದು?" ಅಂದಳು. ನಗಲಿಲ್ಲ.

ಎದ್ದು ಬಾಗಿಲ ಸಂದಿಯಿಂದ ಮೊಬೈಲಿನ ಬೆಳಕು ಬಿಟ್ಟು ನೋಡಿದ. ಸದ್ದು ನಿಂತಿತು. ಕಂಬದ ಹತ್ತಿರ ಯಾರೂ ಇರಲಿಲ್ಲ. ಆದರೆ ನವಾರು ಗೂಟದಿಂದ ನೇರ ಕೆಳಗೆ ಇಳಿಬಿದ್ದಿರಲಿಲ್ಲ. ಕಂಬವನ್ನು ಬಳಸಿ, ಕೂತವನ ಎದೆಯ ಎತ್ತರಕ್ಕೆ, ಏನನ್ನೋ ಸುತ್ತಿಕೊಂಡ ಹಾಗೆ ಉಬ್ಬಿ ನಿಂತಿತ್ತು. ಒಳಗೆ ಬರೀ ಗಾಳಿ. ಆ ಉಬ್ಬು ಸ್ವಲ್ಪ ಸ್ವಲ್ಪವೇ ಎಡಕ್ಕೆ ವಾಲುತ್ತಿತ್ತು. ನವಾರು ಕಿರ್... ಕಿರ್... ಅಂತ ಬಿಗಿಯುತ್ತಿತ್ತು.

ಬಾಗಿಲು ಹಾಕಿ ಚಿಲಕ ಹಾಕಿಕೊಂಡ. ಬೆಳಗಿನವರೆಗೂ ಇಬ್ಬರೂ ಮಂಚದ ಮೇಲೆ ಕೂತೇ ಇದ್ದರು.

ಮಾರನೆಯ ದಿನ ಹಾಸನದ ಕಡೆ ಕೆಲಸ ಇದೆ ಅಂತ ಹೊರಟವನು ಹರದನಹಳ್ಳಿಯಲ್ಲಿ ಮೋಹನ್‌ಕುಮಾರನ ಸಲೂನಿಗೆ ಹೋದ. ಹುಟ್ಟಿದ ಮೇಲೆ ಸಲೂನಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕತ್ತಿಯ ದೋಷವೋ ನವಾರಿನ ದೋಷವೋ ತಿಳಿಯಬೇಕಿತ್ತು. ಮೋಹನ್‌ಕುಮಾರ ಕತ್ತಿಯನ್ನು ತಿರುಗಿಸಿ ನೋಡಿ, ಇದನ್ನು ಯಾವುದಾದರೂ ಮ್ಯೂಸಿಯಮ್ಮಿಗೆ ಕೊಡಿ ಅಣ್ಣ, ಟಿಕೆಟ್ಟು ಇಟ್ಟು ತೋರಿಸುತ್ತಾರೆ ಅಂತ ನಗೆಯಾಡಿದ. ಆಮೇಲೆ ಒಂದು ಹಳೇ ಜೀನ್ಸ್ ಪ್ಯಾಂಟಿನ ಬಟ್ಟೆ ಬಿಗಿಹಿಡಿದು ಅದರ ಮೇಲೆ ಸರ್ರ್ ಸರ್ರ್ ಅಂತ ಎಳೆದ. ಮುಂಗೈಗೆ ಹಿಡಿದ. ಕೂದಲು ಸುಮ್ಮನೆ ಉದುರಿದವು. ಕತ್ತಿಗೆ ಏನೂ ಆಗಿರಲಿಲ್ಲ.

"ಕೂತ್ಕಳಿ, ಬಂದಿದ್ದಕ್ಕೆ ಗಡ್ಡ ತೆಗೀತೀನಿ," ಅಂದ. ಕೂತ ಮೇಲೆ ಗಲ್ಲ ಹಿಡಿದು ತಲೆ ಸರಿಮಾಡಿದ. ಮತ್ತೆ ಸರಿಮಾಡಿದ. "ಯಾಕಣ್ಣ ಎಡಕ್ಕೇ ವಾಲ್ತೀರಾ? ನೆಟ್ಟಗೆ ಕೂತ್ಕಳಿ."

"ನೆಟ್ಟಗೇ ಕೂತಿವ್ನಲ್ಲಪ್ಪ."

"ಕನ್ನಡಿ ನೋಡಿ ಒಸಿ."

ಪಾಲಾಕ್ಷ ಕನ್ನಡಿ ನೋಡಿದ. ಅಣ್ಣ ಕೂರುತ್ತಿದ್ದ ಹಾಗೇ ಕೂತಿದ್ದ.

ಅಂದಿನಿಂದ ಅದೇ ಚಿಂತೆ. ನಡೆಯುವಾಗ ಎಡಕ್ಕೆ. ಗಿರಣಿಯಲ್ಲಿ ನಿಂತಾಗ ಎಡಕ್ಕೆ. ಪೂಜೆಗೆ ಕೂತು ಅಂಗೈ ಮೇಲೆ ಲಿಂಗ ಇಟ್ಟುಕೊಂಡರೆ ಅಂಗೈ ಎಡಕ್ಕೆ ಓರೆಯಾಗಿ ಪತ್ರೆ ಜಾರುತ್ತಿತ್ತು. ಲಕ್ವ ಇರಬಹುದು ಅಂತ ಹಾಸನದಲ್ಲಿ ಡಾಕ್ಟರಿಗೆ ತೋರಿಸಿದರು. ಅವರು ಎಲ್ಲ ಪರೀಕ್ಷೆ ಮಾಡಿ, ಏನೂ ಇಲ್ಲ, ಅಣ್ಣ ಹೋದ ದುಃಖ, ನಿದ್ದೆ ಮಾಡಿ ಅಂದರು. ನಿದ್ದೆ ಎಲ್ಲಿಂದ ಬರಬೇಕು? ಕಣ್ಣು ಮುಚ್ಚಿದರೆ ಕಂಬದ ಕಡೆಯಿಂದ ಸರ್ರ್... ಟಿಕ್.

ಶಿವಗಂಗಮ್ಮನೇ ಒಂದು ಸಂಜೆ ಅಂದಳು, ಆ ನವಾರು ಬಿಚ್ಚಿ ಒಲೆಗೆ ಹಾಕಿಬಿಡಿ ಅಂತ. ಅವಳಿಗೆ ಗುಣಿಯ ಸಂಗತಿ ಇನ್ನೂ ಗೊತ್ತಿರಲಿಲ್ಲ, ಮನೆಯಿಂದ ಎತ್ತುವಾಗಲೇ ನವಾರು ಬಿಚ್ಚಿ ಬೇರೇನೋ ಕಟ್ಟಿದರು ಅಂದುಕೊಂಡಿದ್ದಳು. ಪಾಲಾಕ್ಷ ಬಿಚ್ಚಲು ಹೋದ. ಗಂಟು ಬಿಚ್ಚಲಿಲ್ಲ. ತಾನೇ ಹಾಕಿದ ಗಂಟು, ತುದಿ ಎಳೆದರೆ ಬಿಚ್ಚಬೇಕಾದ ಗಂಟು, ಕಲ್ಲಿನ ಹಾಗಿತ್ತು. ನಾಳೆ ಬೆಳಕಿನಲ್ಲಿ ನೋಡೋಣ ಅಂದ.

ಬೆಳಗಿನ ಜಾವ, ಅವಳು ನಿದ್ದೆಹೋದ ಮೇಲೆ, ಸದ್ದು ಮತ್ತೆ ಶುರುವಾಯಿತು. ಪಾಲಾಕ್ಷನಿಗೆ ರೋಸಿಹೋಗಿತ್ತು. ಎದ್ದ. ಗೂಡಿನಿಂದ ಕತ್ತಿ ತೆಗೆದ. ಮೋಹನ್‌ಕುಮಾರ ಮೊನ್ನೆ ತಾನೇ ಹದ ಮಾಡಿದ ಕತ್ತಿ. ನಡುಮನೆಗೆ ಬಂದು ಎಡಗೈಯಲ್ಲಿ ನವಾರು ಹಿಡಿದು, ಬಲಗೈಯಿಂದ ಅಲಗು ಅಡ್ಡ ಇಟ್ಟು ಎಳೆದ.

ಒಂದು ನೂಲೂ ಹರಿಯಲಿಲ್ಲ. ಅಲಗು ಸರ್ರ್ ಅಂತ ಜಾರಿತು. ಮತ್ತೆ ಎಳೆದ. ಸರ್ರ್. ಅಷ್ಟು ವರ್ಷ ಆ ನವಾರಿನ ಮೇಲೇ ಹರಿತವಾದ ಕತ್ತಿ, ಆ ನವಾರನ್ನು ಕತ್ತರಿಸಲು ಒಪ್ಪಲಿಲ್ಲ.

ಆಮೇಲೆ ಏನಾಯಿತು ಅಂತ ಅವನಿಗೂ ಸರಿಯಾಗಿ ಗೊತ್ತಿಲ್ಲ. ನಿಂತಿದ್ದವನು ಕೂತಿದ್ದ. ಬೆನ್ನಿಗೆ ಕಂಬ. ಎದೆಯ ಮೇಲೆ ನವಾರು, ಕಂಕುಳಡಿ ಹಾಯ್ದು, ಹಿಂದೆ ಗಂಟು. ತಾನು ಅಣ್ಣನಿಗೆ ಕಟ್ಟಿದ ಹಾಗೇ. ಏಳಲು ನೋಡಿದ. ಎದ್ದಷ್ಟೂ ಬಿಗಿಯಿತು. ಕೂಗಲು ನೋಡಿದ. ಎದೆಯೊಳಕ್ಕೆ ಅಷ್ಟು ಗಾಳಿ ಹೋಗುತ್ತಿರಲಿಲ್ಲ. ಕತ್ತಿ ಕೈಯಲ್ಲೇ ಇತ್ತು, ಕೈ ಮಾತ್ರ ತೊಡೆಯ ಮೇಲೆ ಕೊರಡಿನ ಹಾಗೆ ಬಿದ್ದಿತ್ತು. ಬಾಗಿಲಾಚೆ ಹೆಂಡತಿ ಮಗ್ಗುಲು ಬದಲಿಸಿದ ಸದ್ದು ಕೇಳುತ್ತಿತ್ತು. ಅಷ್ಟು ಹತ್ತಿರ. ಅವಳಿಗೆ ಇವನದು ಏನೂ ಕೇಳುತ್ತಿರಲಿಲ್ಲ.

ಎಡಗಡೆಯಿಂದ ಒಂದು ಭಾರ ಅವನ ಭುಜಕ್ಕೆ ಒರಗಿತು. ಹಸಿಮಣ್ಣಿನ ವಾಸನೆ... ವಿಭೂತಿಯ ವಾಸನೆ... ಕಿವಿಯ ಹತ್ತಿರ ತೊದಲು ನಾಲಿಗೆ.

"ಒಸಿ ಬಿಗಿ ಮಾಡ್ಲಾ... ವಾಲ್ತಾವ್ನಿ."

ಬೆಳಕು ಹರಿದು ಶಿವಗಂಗಮ್ಮ ಬಾಗಿಲು ತೆಗೆದಾಗ ಅವನು ಕಂಬಕ್ಕೆ ಒರಗಿ ಕೂತಿದ್ದ. ಕಣ್ಣು ತೆರೆದೇ ಇತ್ತು. ಅವಳು ಓಡಿ ಹೋಗಿ ಹಿಂದೆ ಕೈ ಹಾಕಿ ತುದಿ ಎಳೆದಳು. ಸರಕ್ ಅಂತ ಬಿಚ್ಚಿಕೊಂಡಿತು. ಇಷ್ಟು ಸಡಿಲ ಗಂಟಿಗೆ ಹೇಗೆ ಸಿಕ್ಕಿಕೊಂಡಿರಿ ಅಂತ ಕೇಳಿದಳು. ಆಗ ಪಾಲಾಕ್ಷ ಎಲ್ಲ ಹೇಳಿದ.

ಅವಳು ಬೈಯಲಿಲ್ಲ. ಅಳಲೂ ಇಲ್ಲ. ಒಂದೇ ಮಾತು ಅಂದಳು. "ನನ್ನ ಮದ್ವೆ ಸೀರೆ ಕೇಳಿದ್ರೆ ನಾನೇ ಕೊಡ್ತಿದ್ನಲ್ರೀ, ಬಾವನ್ಗೆ ಕಟ್ಟಕ್ಕೆ."

ಅಯ್ಯನವರ ಹತ್ತಿರ ಹೋದರು. ಅವರು ಕೇಳಿ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಸಮಾಧಿಯನ್ನು ತೆಗೆಯುವ ಹಾಗಿಲ್ಲ ಅಂದರು. ಸುಡಬಹುದಾ, ಹೊಳೆಗೆ ಬಿಡಬಹುದಾ ಅಂತ ಪಾಲಾಕ್ಷ ಕೇಳಿದ. ನಿನ್ನದಾಗಿದ್ದರೆ ಸುಡಬಹುದು, ಹೊಳೆಗೂ ಬಿಡಬಹುದು, ಅದು ನಿನ್ನದಲ್ಲವಲ್ಲ ಅಂದರು.

"ಅಂಗಾರೆ ನಂಗೆ ದಾರಿ ಯಾವ್ದು ಬುದ್ಧಿ?"

"ಅವನಿಗೆ ಸೇರಿಸ್ಬೇಕು. ಹೇಗೆ ಅನ್ನೋದು ನಂಗೂ ತಿಳೀದು," ಅಂದರು ಅಯ್ಯನವರು. ಅಷ್ಟು ವಯಸ್ಸಿನ ಅವರು, ತಿಳೀದು ಅಂದದ್ದನ್ನು ಪಾಲಾಕ್ಷ ಅಂದೇ ಮೊದಲು ಕೇಳಿದ್ದು.

ಕೊಡುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗಿಲ್ಲ. ಆ ರಾತ್ರಿ ನಡುಮನೆಯಲ್ಲಿ ದೀಪ ಆರಿಸದೆ ಕೂತರು. ಆದರೂ ಜೊಂಪು ಹತ್ತಿ ಕಣ್ಣು ಬಿಟ್ಟಾಗ ಪಾಲಾಕ್ಷ ಮತ್ತೆ ಕಂಬದಲ್ಲಿದ್ದ. ಹೆಂಡತಿ ಬಿಚ್ಚಿದಳು. ಮಾರನೆಯ ರಾತ್ರಿಯೂ ಅದೇ. ಪ್ರತಿ ಸಲವೂ ಗಂಟು ಒಂದಿಷ್ಟು ಬಿಗಿ. ಒಂದು ಬೆಳಿಗ್ಗೆ ಅವಳಿಗೆ ಬಿಚ್ಚಲು ಹಲ್ಲು ಹಾಕಬೇಕಾಯಿತು. ಇನ್ನೊಂದು ಬೆಳಿಗ್ಗೆ ತನಗೂ ಬಿಚ್ಚಲಾಗದೆ ಹೋದರೆ ಅನ್ನುವ ಮಾತನ್ನು ಅವಳು ಬಾಯಿಬಿಟ್ಟು ಆಡಲಿಲ್ಲ. ಇಬ್ಬರ ತಲೆಯಲ್ಲೂ ಅದೇ ಇತ್ತು.

ಹೀಗಿರುವಾಗ ಒಂದು ಬೆಳಗಿನ ಜಾವ ದ್ಯಾವಯ್ಯ ಬಾಗಿಲಿಗೆ ಬಂದ. ಜಗಲಿಯ ಕೆಳಗೇ ನಿಂತು, ಟವೆಲು ಕೈಯಲ್ಲಿ ಹಿಸುಕುತ್ತ ಹೇಳಿದ:

"ಅಣ್ಣಾರೇ, ದೊಡ್ಡಣ್ಣಾರ ಗುಣಿ ಕುಸೀತಾ ಅದೆ. ಎಡಗಡೀಕೆ. ಎರಡು ಕಿತ ಮಣ್ಣು ತುಂಬ್ದೆ, ನಿಲ್ತಿಲ್ಲ. ನನ್ ಕೈಯಾಗೆ ಯಾವತ್ತೂ ಇಂಗಾಗಿಲ್ಲ."

ಪಾಲಾಕ್ಷ ಎದ್ದು ನಿಂತ. ಕಂಬದಿಂದ ನವಾರು ಬಿಚ್ಚಲು ಹೋದ. ಈ ಸಲ ಅದು ತಾನಾಗಿಯೇ ಕೈಗೆ ಬಂತು.

ಹೊಲಕ್ಕೆ ಹೋದಾಗ ಸೂರ್ಯ ಇನ್ನೂ ಮೂಡಿರಲಿಲ್ಲ, ಬರೀ ಮೊಬ್ಬು. ಪಂಪಿನ ಕೊಳವೆ ತೊಟ್... ತೊಟ್... ಅನ್ನುತ್ತಿತ್ತು. ಸಮಾಧಿಯ ಎಡಭಾಗ ಮೊಳಕಾಲು ಆಳಕ್ಕೆ ಇಳಿದು, ನಡುವೆ ಒಂದು ಬಿಲ ಬಿದ್ದಿತ್ತು. ಒಂದು ಕೈ ಹೋಗುವಷ್ಟು. ಅಂಚೆಲ್ಲ ನುಣ್ಣಗೆ, ಒಳಗಿನಿಂದ ಯಾರೋ ಸವರಿದ ಹಾಗೆ. ಪಾಲಾಕ್ಷ ವಿಭೂತಿ ಹಚ್ಚಿಕೊಂಡು, ಹೊಟ್ಟೆಯ ಮೇಲೆ ಮಲಗಿ, ನವಾರಿನ ಒಂದು ತುದಿಯನ್ನು ಬಿಲದೊಳಕ್ಕೆ ಇಳಿಬಿಟ್ಟ.

"ತಗಾ ಅಣ್ಣ... ನಿಂದೇ."

ಏನೂ ಆಗಲಿಲ್ಲ. ಗಾಳಿಯೂ ಇರಲಿಲ್ಲ.

ಆಮೇಲೆ ನವಾರು ಬಿಗಿಯಿತು. ಎಷ್ಟು ದಿನದ ಮೇಲೆ ಅವನ ಕೈಯಲ್ಲಿ ಅದು ಬಿಗಿಯಾದದ್ದು. ತಂತಿಯ ಹಾಗೆ. ಕೆಳಗಿನಿಂದ ಸದ್ದು ಬಂತು, ನವಾರಿನ ಗುಂಟ ಅವನ ಮುಷ್ಟಿಯವರೆಗೆ ನಡುಗುತ್ತ ಬಂತು. ಸರ್ರ್... ಟಿಕ್. ಸರ್ರ್...

ಬಿಟ್ಟುಬಿಡಬೇಕು ಅಂದುಕೊಂಡ. ಬಿಡಲಾಗಲಿಲ್ಲ. ಮೇಲಿನ ತುದಿ ಮುಂಗೈಗೆ ಸುತ್ತಿಕೊಂಡಿತ್ತು. ಕೈ ಒಳಗೆ ಹೋಯಿತು. ಮೊಳಕೈ ಹೋಯಿತು. ಭುಜದವರೆಗೆ ಹೋಗಿ, ಕೆನ್ನೆ ಮಣ್ಣಿಗೆ ಒತ್ತಿಕೊಂಡಿತು. ದ್ಯಾವಯ್ಯ ಹಿಂದಿನಿಂದ ಸೊಂಟ ಹಿಡಿದು ಎಳೆದ. ಎಳೆದಷ್ಟೂ ಒಳಗೆ ಬಿಗಿಯುತ್ತಿತ್ತು.

"ಎಳೀಬ್ಯಾಡ ಕಣೋ ದ್ಯಾವಯ್ಯ," ಅಂದ ಪಾಲಾಕ್ಷ. ಉಸಿರು ಕಟ್ಟಿತ್ತು. "ತಡಿ. ಎಳೀಬ್ಯಾಡ."

ಅವನಿಗೆ ಆಗ ಹೊಳೆದದ್ದು ಇಷ್ಟೇ. ಅಣ್ಣ ನವಾರು ಕೇಳಿರಲಿಲ್ಲ. ನವಾರು ಅವನ ಹತ್ತಿರ ಇದ್ದರೇನು, ಕಟ್ಟಿಕೊಳ್ಳಲು ಅವನಿಗೆ ಕೈ ಎಲ್ಲಿದೆ? ಕಟ್ಟುತ್ತೇನೆ ಅಂತ ಮಾತು ಕೊಟ್ಟವನು ತಾನು.

ಮಣ್ಣಿನೊಳಗೆ ಅವನ ಬೆರಳು ತಡಕಾಡಿದವು. ಏನೋ ಸಿಕ್ಕಿತು. ಅದರ ಸುತ್ತ ನವಾರು ಹಾಯಿಸಿದ. ಕಣ್ಣಿಗೆ ಕಾಣದ ಕಡೆ, ಒಂದೇ ಕೈಯಲ್ಲಿ, ಜಾರುಗಂಟು ಹಾಕಿದ. ಎಳೆದು ಬಿಗಿ ಮಾಡಿದ. ಇನ್ನೊಂದು ಸಲ ಬಿಗಿ ಮಾಡಿದ.

ಮುಂಗೈ ಸಡಿಲವಾಯಿತು. ಕೈ ಹೊರಗೆ ಬಂತು. ಖಾಲಿ ಕೈ.

"ಗಂಟು ಬಿತ್ತಾ ಅಣ್ಣಾರೇ?" ಅಂತ ಕೇಳಿದ ದ್ಯಾವಯ್ಯ. ಅಂದು ಬುಟ್ಟಿ ಇಳಿಸುವಾಗ ಅವನು ಮೇಲಿನಿಂದ ಎಲ್ಲ ನೋಡಿದ್ದಿರಬೇಕು.

"ಬಿತ್ತು."

ಏನನ್ನು ಸುತ್ತಿ ಕಟ್ಟಿದೆ ಅಂತ ಪಾಲಾಕ್ಷ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ಶಿವಗಂಗಮ್ಮನಿಗೂ ಹೇಳಿಲ್ಲ. ದ್ಯಾವಯ್ಯ ಮಾತ್ರ ನನಗೆ ಒಂದು ಸಲ ಹೇಳಿದ: ಆ ಗುಣಿ ತೋಡಿದವನು ನಾನು, ಆಳೆತ್ತರಕ್ಕಿಂತ ಆಳ ಇತ್ತು, ಮೇಲಿನಿಂದ ಒಂದು ತೋಳು ಇಳಿಬಿಟ್ಟರೆ ಅಲ್ಲಿ ಮಣ್ಣು ಬಿಟ್ಟು ಬೇರೆ ಏನೂ ಸಿಕ್ಕಕೂಡದು. ಬಿಲ ಮುಚ್ಚಿದ ಮೇಲೆ ಸಮಾಧಿ ಕುಸಿಯಲಿಲ್ಲ. ಎರಡು ಮಳೆಗಾಲ ಕಳೆದಿದೆ, ಈಗಲೂ ಮಟ್ಟವಾಗಿದೆ.

ಪಾಲಾಕ್ಷನ ವಾಲು ಹೋಯಿತು. ಅಪ್ಪನ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿ ಇಟ್ಟಿದ್ದಾನೆ, ಮುಟ್ಟುವುದಿಲ್ಲ. ಭಾನುವಾರ ಮೋಹನ್‌ಕುಮಾರನ ಹತ್ತಿರ ಹೋಗುತ್ತಾನೆ. ರಾತ್ರಿ ಸದ್ದಿಲ್ಲ. ಎಲ್ಲ ಸರಿಹೋಯಿತು ಅಂತ ನಾವೂ ಅಂದುಕೊಂಡೆವು.

ಮೊನ್ನೆ ಶಿವಗಂಗಮ್ಮನ ಜೊತೆ ನಮ್ಮ ಮನೆಗೆ ಬಂದಿದ್ದ. ಊಟಕ್ಕೆ ಮೊದಲು ಇದೇ ನಡುಮನೆಯಲ್ಲಿ, ಅಗೋ ಆ ಕಂಬಕ್ಕೆ ಒರಗಿ ಕೂತಿದ್ದ. ನೆಟ್ಟಗೆ. ಈಗ ಎಲ್ಲಿ ಕೂತರೂ ಹಾಗೇ ಕೂರುತ್ತಾನೆ, ಬೆನ್ನು ಒಂದು ಕೂದಲೆಳೆ ಅಲ್ಲಾಡುವುದಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಮಳೆ, ಗಿರಣಿ, ಬೂವನಹಳ್ಳಿಯ ಏರ್‌ಪೋರ್ಟು ಅಂತ ಏನೇನೋ ಮಾತಾಡಿದೆವು. ಒಳಗಿನಿಂದ ಶಿವಗಂಗಮ್ಮ, ಎಲೆ ಹಾಕಿದೆ ಬನ್ನಿ ಅಂತ ಕರೆದಳು.

ನಾನು ಎದ್ದೆ. ಅವನು ಏಳಲಿಲ್ಲ. ಮೊದಲು ಬಲಗೈಯನ್ನು ಬೆನ್ನ ಹಿಂದೆ, ಕಂಬದ ಹಿಂದಕ್ಕೆ ಹಾಕಿದ. ಏನನ್ನೋ ಹಿಡಿದು ಜಗ್ಗಿದ. ಆಮೇಲೆ ಎದ್ದ.

ಅವನ ಕೈಯಲ್ಲಿ ಏನೂ ಇರಲಿಲ್ಲ. ಕಂಬದಲ್ಲಿ ಒಂದು ಮೊಳೆಯೂ ಇಲ್ಲ, ನೀವೇ ನೋಡಿದ್ದೀರಿ. ಬಾಗಿಲಲ್ಲಿ ನಿಂತಿದ್ದ ಶಿವಗಂಗಮ್ಮ ದಿನಾ ನೋಡುವವಳ ಹಾಗೆ ನೋಡಿ, ಅನ್ನ ತರಲು ಒಳಗೆ ಹೋದಳು.

ಆದರೆ ಅವನು ಜಗ್ಗಿದಾಗ ನನಗೆ ಕೇಳಿಸಿತು. ಸರಕ್... ಅಂತ. ನಾನು ಪೂಜೆ ಮಾಡುವ ಕೈ ಎತ್ತಿ ಹೇಳುತ್ತೇನೆ, ಕೇಳಿಸಿತು.